ಗಾಜಿನ ಹೊರಗೊಂದು ಬೋರ್ಡು

ಆಪರೇಟರಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳು. ಅವಳ ಕೋಪ ಇದ್ದದ್ದು ಅಂಗೈಯಲ್ಲಿ. ಸಿಟ್ಟು ಬಂದರೆ ಅವಳು ಕೂಗಾಡುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿ, "ಈಗ ಹೇಳಿ" ಎನ್ನುತ್ತಿದ್ದಳು. ಆ ಕೈಗಳನ್ನು ಕಂಡರೆ ದೊಡ್ಡ ಡಾಕ್ಟರೂ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ವಾರ್ಡಿನ ಕಡೆ ನಡೆಯುತ್ತಿದ್ದರು.

ಹುಟ್ಟಿನಿಂದ ಅವಳಿಗೆ ಕಣ್ಣಿಲ್ಲ. ಚಿಕ್ಕವಳಿದ್ದಾಗ ಮನೆಗೆ ನೆಂಟರು ಬಂದರೆ ತಾಯಿ ಅವಳನ್ನು ಒಳಕೋಣೆಗೆ ಕಳಿಸಿ ಬಾಗಿಲು ಎಳೆದುಕೊಳ್ಳುತ್ತಿದ್ದಳು. ತಾಯಿಯದು ಕೆಟ್ಟ ಮನಸ್ಸೇನಲ್ಲ. ಬಂದವರ ಬಾಯಲ್ಲಿ "ಅಯ್ಯೋ ಪಾಪ" ಕೇಳಿಸಿಕೊಳ್ಳುವ ಶಕ್ತಿ ಅವಳಿಗಿರಲಿಲ್ಲ, ಅಷ್ಟೆ. ಹುಡುಗಿ ಮಾತ್ರ ಹಿಂಬಾಗಿಲಿನಿಂದ ಸುತ್ತಿ ಬಂದು, ಮುಂಬಾಗಿಲಲ್ಲಿ ಬಿಟ್ಟಿದ್ದ ಬೂಟುಗಳನ್ನು ಒಂದೊಂದಾಗಿ ತಡವಿ ಯಾರು ಯಾರು ಬಂದಿದ್ದಾರೆಂದು ತಿಳಿದುಕೊಳ್ಳುತ್ತಿದ್ದಳು. ಆಮೇಲೆ ಮಾವನ ಬೂಟಿನ ಲೇಸಿಗೂ ಚಿಕ್ಕಪ್ಪನ ಬೂಟಿನ ಲೇಸಿಗೂ ಬಿಗಿಯಾಗಿ ಗಂಟು ಹಾಕಿ, ಬಂದ ದಾರಿಯಲ್ಲೇ ಒಳಗೆ ಹೋಗಿ ಕೂರುತ್ತಿದ್ದಳು. ಈ ಮನೆಯಲ್ಲಿ ಒಂದು ಹುಡುಗಿ ಇದ್ದಾಳೆ ಎಂಬುದನ್ನು ಯಾವ ನೆಂಟನೂ ಮರೆಯಲಿಲ್ಲ.

ಓದು ಮುಗಿಸಿ ಅವಳು ಸೇರಿದ್ದು ಊರಿನ ದೊಡ್ಡಾಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ. ಆಗಿನದು ತೂತುಗಳ ಬೋರ್ಡು. ಒಂದೊಂದು ತೂತಿಗೂ ಒಂದೊಂದು ವಾರ್ಡು. ಅವಳು ತೂತುಗಳ ಪಕ್ಕದಲ್ಲಿ ಟೇಪಿನ ಚೂರು ಅಂಟಿಸಿಕೊಂಡಳು. ಆಪರೇಷನ್ ಕೋಣೆಗೆ ಅಡ್ಡಪಟ್ಟಿ, ರಕ್ತನಿಧಿಗೆ ಮಡಿಚಿದ ಪಟ್ಟಿ, ಅಡುಗೆಮನೆಗೆ ಹರಿದ ಪಟ್ಟಿ. ಆಮೇಲೆ ಹೊಸ ಯಂತ್ರ ಬಂತು. ಕೈಯಾಡಿಸಿದರೆ ಏನೂ ಸಿಗದ ನುಣ್ಣನೆಯ ಹಲಗೆ. ಬಟನ್ ಎಲ್ಲಿದೆಯೆಂದು ಕಣ್ಣಿದ್ದವರಿಗೆ ಮಾತ್ರ ಗೊತ್ತು. "ಇದನ್ನ ಮಾಡಿದೋನಿಗೆ ಬೆರಳೇ ಇರ್ಲಿಲ್ವಾ?" ಎಂದು ಕೇಳಿ, ಅದರ ಮೈಮೇಲೂ ಟೇಪು ಮೆತ್ತಿದಳು. ಹೊಸ ಯಂತ್ರದ ಅಂದ ಕೆಟ್ಟಿತೆಂದು ಮೇಲಿನವರು ತಕರಾರು ತೆಗೆದರು. ಅವಳು ಅಂಗೈ ಊರಿದಳು. ಟೇಪು ಉಳಿಯಿತು.

ಅವಳಿಗೆ ಗಂಡ ಸಿಕ್ಕಿದ್ದೂ ಆ ಕೋಣೆಯ ಬಾಗಿಲಲ್ಲೇ. ಆಸ್ಪತ್ರೆಯ ಬಾಗಿಲುಗಳಿಗೆಲ್ಲ ಹೆಸರು ಬರೆಯಲು ಒಬ್ಬ ಬೋರ್ಡ್ ಪೇಂಟರ್ ಬಂದಿದ್ದ. ಅವನು ಅವಳಿಗೆ ಹೇಳಿದ ಮೊದಲ ಮಾತು, "ಮುಟ್ಬೇಡಿ, ಹಸಿ ಇದೆ!" ಹೇಳುವಷ್ಟರಲ್ಲಿ ಅವಳ ಅಂಗೈ ಬಾಗಿಲ ಮೇಲಿತ್ತು. ಅಕ್ಷರದ ಪಕ್ಕದಲ್ಲಿ ಐದು ಬೆರಳಿನ ಗುರುತು ಅಚ್ಚೊತ್ತಿದಂತೆ ಮೂಡಿತು. ಇನ್ನೊಬ್ಬನಾಗಿದ್ದರೆ ಗೊಣಗುತ್ತಾ ಒರೆಸಿ ಮತ್ತೆ ಬಳಿಯುತ್ತಿದ್ದ. ಇವನು "ಇರ್ಲಿ ಬಿಡಿ, ಈ ಕೋಣೆ ಯಾರದು ಅಂತ ಅಕ್ಷರಕ್ಕಿಂತ ಚೆನ್ನಾಗಿ ಹೇಳುತ್ತೆ" ಎಂದ. ಆ ಬಾಗಿಲು ಬದಲಾಗುವವರೆಗೂ ಗುರುತು ಅಲ್ಲೇ ಇತ್ತು. ಅಷ್ಟರಲ್ಲಿ ಅವರಿಬ್ಬರ ಸಂಸಾರವೂ ಹಳೆಯದಾಗಿತ್ತು.

ಆದರೆ ಒಂದು ಕೊರಗು ಅವಳಿಗೆ ಉಳಿದೇ ಹೋಯಿತು. ಗಂಡನ ಕೆಲಸ ಎಂಥದೆಂದು ಅವಳಿಗೆ ತಿಳಿಯಲೇ ಇಲ್ಲ. ಮನೆಯ ಮುಂದಿನ ಕೋಣೆ ತುಂಬಾ ಬೋರ್ಡುಗಳು, ಹತ್ತಿರ ಹೋದರೆ "ಮುಟ್ಬೇಡ, ಹಸಿ." ಒಣಗಿದ ಮೇಲೆ ಮುಟ್ಟಿದರೂ ಏನೂ ಸಿಗುತ್ತಿರಲಿಲ್ಲ, ಏಕೆಂದರೆ ಅವನ ಹೆಮ್ಮೆಯೇ ಅದು: ಬಣ್ಣ ತೆಳ್ಳಗೆ ಕೂರಬೇಕು, ಅಕ್ಷರದ ಮೇಲೆ ಕೈಯಾಡಿಸಿದರೆ ಅಂಚು ಎಲ್ಲಿದೆಯೆಂದು ಗೊತ್ತಾಗಬಾರದು. "ಊರೆಲ್ಲ ನಿಮ್ಮ ಅಕ್ಷರ ಓದುತ್ತೆ, ನನಗೆ ಮಾತ್ರ ಬರೀ ಟರ್ಪೆಂಟೈನ್ ವಾಸನೆ" ಎಂದು ಅವಳು ಚುಚ್ಚುತ್ತಿದ್ದಳು. ಅವನು ನಗುತ್ತಿದ್ದ.

ರಜೆ ಸಿಕ್ಕಾಗಲೆಲ್ಲ ಅವನು ಹೋಗುತ್ತಿದ್ದದ್ದು ಮ್ಯೂಸಿಯಮ್ಮಿಗೆ. ಅಲ್ಲಿ ಒಂದು ದೊಡ್ಡ ಚಿತ್ರ: ತುಂಬಿದ ಹೊಳೆ, ಹೊಳೆಯ ನಡುವೆ ಜನ ತುಂಬಿದ ದೋಣಿ, ದೋಣಿಯ ಮೂಲೆಯಲ್ಲಿ ಕೆಂಪು ಕೊಡೆ ಹಿಡಿದು ಕೂತ ಒಬ್ಬ ಮುದುಕಿ. ಕೆಂಪು ಎಂದರೆ ಏನೆಂದು ತಾನು ಕಲಿತದ್ದು ಆ ಕೊಡೆಯಿಂದ ಎನ್ನುತ್ತಿದ್ದ. ಒಮ್ಮೆ ಅವಳನ್ನೂ ಕರೆದುಕೊಂಡು ಹೋಗಿದ್ದ. ಅವಳ ಕೈ ಚೌಕಟ್ಟಿನ ಹತ್ತಿರ ಹೋಗುವುದೇ ತಡ, ಕಾವಲಿನವರು ಹೌಹಾರಿ ಓಡಿ ಬಂದರು. ಆಮೇಲೆ ಅವಳು ಆ ಕಡೆ ತಲೆಹಾಕಲಿಲ್ಲ. ಅವನೇ ಬಂದು ಬಂದು ಹೇಳುತ್ತಿದ್ದ, ಕೇಳಿ ಕೇಳಿ ಅವಳಿಗೆ ಆ ಮುದುಕಿ ಮನೆಗೆಂದೂ ಬಾರದ ಒಬ್ಬ ಅತ್ತೆಯಂತಾಗಿದ್ದಳು.

ಕೊನೆಗೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಬಂತು. ಮೊದಲು ನೇರ ಗೆರೆಗಳು ಅಂಕುಡೊಂಕಾಗಿ ಕಾಣತೊಡಗಿದವು. ಹಲಗೆಯೇ ಸರಿಯಿಲ್ಲವೆಂದು ಬಡಗಿಯ ಜೊತೆ ಜಗಳವಾಡಿದ. ಆಮೇಲೆ ನಡುವೆ ಒಂದು ಕಪ್ಪು ಮಚ್ಚೆ, ಆಮೇಲೆ ಬರೀ ಬೆಳಕು, ಆಮೇಲೆ ಅದೂ ಇಲ್ಲ. ಅವನು ಮಂಚ ಹಿಡಿದು ಗೋಡೆಯ ಕಡೆ ತಿರುಗಿ ಮಲಗಿದ. ಕೋಲು ತಂದುಕೊಟ್ಟರೆ ಮಂಚದ ಕೆಳಗೆ ನೂಕಿದ. ಬಟ್ಟಲು ಎಲ್ಲಿದೆಯೆಂದು ತಡವಿ ಹುಡುಕುವುದಕ್ಕಿಂತ ಹಸಿದುಕೊಂಡಿರುವುದೇ ವಾಸಿ ಎಂದ.

"ಕಲಿತುಕೊಳ್ರೀ. ನಾನಿದ್ದೀನಲ್ಲ" ಎಂದಳು ಆಪರೇಟರಮ್ಮ.

"ಏನು ಕಲೀಲಿ? ಗೋಡೆ ಸವರ್ಕೊಂಡು ಓಡಾಡೋದಾ? ಮುಟ್ಟಿ ಮುಟ್ಟಿ ಬದುಕೋದೂ ಒಂದು ಬದುಕೇನೇ?"

ಅವಳ ಎರಡೂ ಅಂಗೈ ಮಂಚದ ಪಟ್ಟಿಯ ಮೇಲೆ ಬಿದ್ದವು.

"ಹಾಗಾದ್ರೆ ನಾನು ಇಷ್ಟು ವರ್ಷ ಬದುಕಿದ್ದು ಏನ್ರೀ?"

ಅವಳಿಗೆ ಅಂದು ಆದಷ್ಟು ನೋವು ಜೀವನದಲ್ಲಿ ಎಂದೂ ಆಗಿರಲಿಲ್ಲ. ಊರಿನವರ "ಅಯ್ಯೋ ಪಾಪ"ವನ್ನೆಲ್ಲ ಅವಳು ಬೂಟಿನ ಲೇಸಿನಂತೆ ಗಂಟು ಹಾಕಿ ಬಿಸಾಡಿದ್ದಳು. ಅದೇ ಮಾತು ತನ್ನ ಮಂಚದ ಮೇಲಿಂದಲೇ ಬರುತ್ತದೆಂದು ಎಣಿಸಿರಲಿಲ್ಲ. ಈ ಗಂಡಸನ್ನು ಗೋಡೆಯಿಂದ ಈ ಕಡೆ ತಿರುಗಿಸದೆ ಬಿಡುವುದಿಲ್ಲ ಎಂದು ಅಂದೇ ಹಟ ತೊಟ್ಟಳು. ಅವನ ಮೇಲಿನ ಪ್ರೀತಿಗೆ ಅರ್ಧ, ತನ್ನ ಮರ್ಯಾದೆಗೆ ಅರ್ಧ.

ಅಂಥ ಹೊತ್ತಿನಲ್ಲಿ ರೇಡಿಯೋದಲ್ಲಿ ಸುದ್ದಿ ಬಂತು. ಕಣ್ಣು ಕಾಣದವರಿಗಾಗಿ ಮ್ಯೂಸಿಯಮ್ಮಿನಲ್ಲಿ ಒಂದು ಸ್ಪರ್ಶಫಲಕ ಮಾಡಿಸಿದ್ದಾರಂತೆ. ಹೊಳೆಯ ಚಿತ್ರವನ್ನೇ ಬೆರಳಿಗೆ ಸಿಗುವಂತೆ ಉಬ್ಬು ತಗ್ಗಾಗಿ ಎಬ್ಬಿಸಿದ್ದಾರಂತೆ. ಒಳಗೆ ಸೂಕ್ಷ್ಮ ತಂತಿಗಳಿವೆ. ಬೆರಳು ಎಲ್ಲಿ ಇಟ್ಟರೆ ಅಲ್ಲಿ ಏನಿದೆಯೆಂದು ಫಲಕವೇ ಮಾತಾಡುತ್ತದಂತೆ. ಊರಲ್ಲಿರುವ ಅಷ್ಟು ಚಿತ್ರಗಳಲ್ಲಿ ಅದೇ ಚಿತ್ರ!

ಗಂಡ ಜಪ್ಪಯ್ಯ ಎಂದರೂ ಏಳಲಿಲ್ಲ. "ಮುಟ್ಟಿ ನೋಡೋದು ನೋಡೋದಲ್ಲ ಕಣೆ" ಎಂದ. ಮೊದಲು ತಾನೇ ಹೋಗಿ ಪರೀಕ್ಷೆ ಮಾಡಿ ಬರುತ್ತೇನೆಂದು ಅವಳು ನಾದಿನಿಯನ್ನು ಹೊರಡಿಸಿದಳು. ನಾದಿನಿ ಮೇಲಿನ ಮಹಡಿಯಲ್ಲೇ ಇರುವವಳು, ಸಾಧು ಪ್ರಾಣಿ. ಅತ್ತಿಗೆಯ ಜೊತೆ ಎಲ್ಲಿಗೆ ಹೋದರೂ ಮಾನ ಹೋಗುತ್ತದೆಂದು ಗೊತ್ತಿದ್ದೂ ಹೋಗದೆ ಇರಲಾರಳು.

ಮ್ಯೂಸಿಯಮ್ಮಿನ ನುಣ್ಣನೆಯ ನೆಲದ ಮೇಲೆ ಅವಳ ಕೋಲು ಟಕಟಕ ಸದ್ದು ಮಾಡಿತು. ಹಜಾರದ ಕೊನೆಯಲ್ಲಿ, ಹೊಳೆಯ ಚಿತ್ರದ ಕೆಳಗೆ, ಎದೆಮಟ್ಟದ ಒಂದು ಪೀಠ. ಆಪರೇಟರಮ್ಮ ಕೋಲನ್ನು ನಾದಿನಿಗೆ ಕೊಟ್ಟು, ಕೈ ಒರೆಸಿಕೊಂಡು, ಮೆಲ್ಲಗೆ ಮುಂದೆ ಚಾಚಿದಳು. ತಣ್ಣಗೆ, ನುಣ್ಣಗೆ, ಏನೂ ಇಲ್ಲ. ಪಕ್ಕಕ್ಕೆ ಸರಿಸಿದಳು. ಅಲ್ಲೂ ಅಷ್ಟೇ.

"ಇದೇನೇ ಇದು?"

"ಗಾಜು ಅತ್ತಿಗೆ. ಫಲಕ ಒಳಗಿದೆ. ಮೇಲೆ ಗಾಜಿನ ಪೆಟ್ಟಿಗೆ ಮುಚ್ಚಿದ್ದಾರೆ."

ಅಷ್ಟರಲ್ಲಿ ಗಾಜಿನ ಒಳಗಿನಿಂದ, ಕಂಬಳಿ ಹೊದ್ದು ಮಾತಾಡಿದಂತೆ, ಒಂದು ಹೆಣ್ಣುದನಿ ಕೇಳಿಸಿತು: "ಬನ್ನಿ. ನಿಮ್ಮ ಕೈಯನ್ನು ನನ್ನ ಮೇಲೆ ಇಡಿ."

ಇಬ್ಬರೂ ಬೆಪ್ಪಾಗಿ ನಿಂತರು. ಸ್ವಲ್ಪ ಹೊತ್ತು ಬಿಟ್ಟು ದನಿ ಮತ್ತೆ ಅದನ್ನೇ ಹೇಳಿತು. ಗಾಜು ಮುಚ್ಚಿದವರಿಗೆ ಒಳಗಿನ ಬಾಯಿ ಮುಚ್ಚಿಸುವುದು ಮರೆತುಹೋಗಿತ್ತು. ಆಪರೇಟರಮ್ಮ ಬಗ್ಗಿ, ಎಕ್ಸ್‌ಚೇಂಜಿನಲ್ಲಿ ಆಡುವ ದನಿಯಲ್ಲೇ ಹೇಳಿದಳು:

"ಲೈನಲ್ಲೇ ಇರಮ್ಮ. ಕನೆಕ್ಟ್ ಮಾಡ್ತೀನಿ."

ಅಂದಿನ ಮಟ್ಟಿಗೆ ಕನೆಕ್ಟ್ ಆಗಲಿಲ್ಲ. ಕಾವಲಿನವಳು ಬಂದು, "ಮುಟ್ಬೇಡಿ, ಗಾಜಿನ ಮೇಲೆ ಗುರುತಾಗುತ್ತೆ" ಎಂದಳು. ಆಪರೇಟರಮ್ಮ ಅವಳ ಮೇಲಿನವರನ್ನು ಕರೆಸು ಎಂದಳು. ಮ್ಯೂಸಿಯಮ್ಮಿನ ನಿರ್ದೇಶಕರೇ ಇಳಿದು ಬಂದರು. ಎಣ್ಣೆ ಸವರಿದಂಥ ಮೆತ್ತನೆಯ ದನಿ.

"ನಿಮ್ಮಂಥವರಿಗಾಗಿಯೇ ಮಾಡಿಸಿದ್ದಮ್ಮ ಇದು. ಉದ್ಘಾಟನೆ ದಿನ ಗಣ್ಯರೆಲ್ಲ ಮುಟ್ಟಿ ತುಂಬಾ ಸಂತೋಷಪಟ್ಟರು. ಆದ್ರೆ ಎಲ್ರೂ ಮುಟ್ತಾ ಹೋದ್ರೆ ಸವೆದುಹೋಗುತ್ತಲ್ಲ."

"ಸವೀಲಿ. ನಮ್ಮನೆ ಮೆಟ್ಟಿಲೂ ಸವೆದಿದೆ. ಅದಕ್ಕೆ ನಾವು ಗಾಜು ಹಾಕ್ಸಿಲ್ಲ."

"ನಿಮ್ಮ ಭಾವನೆ ನನಗೆ ಅರ್ಥ ಆಗುತ್ತೆ. ಮುಂದೆ ಯಾವಾಗಾದ್ರೂ ವಿಶೇಷ ಸಂದರ್ಭದಲ್ಲಿ ತೆಗೀತೀವಿ. ಆಗ ಬನ್ನಿ, ಕೈಗವಸು ಕೊಡ್ತೀವಿ."

"ಕೈಗವಸು ಹಾಕ್ಕೊಂಡು ಮುಟ್ಬೇಕಾ?"

"ಶುಚಿತ್ವದ ದೃಷ್ಟಿಯಿಂದ, ಅಷ್ಟೇ."

"ನೀವು ಕಣ್ಣಿಗೆ ಬಟ್ಟೆ ಕಟ್ಕೊಂಡು ಚಿತ್ರ ನೋಡ್ತೀರಾ ಸ್ವಾಮಿ?"

ನಾದಿನಿ ಅತ್ತಿಗೆಯ ತೋಳು ಹಿಡಿದು ಎಳೆದಳು. ನಿರ್ದೇಶಕರು ಮುಗುಳ್ನಕ್ಕು, ಅಥವಾ ಮುಗುಳ್ನಕ್ಕಂಥ ದನಿ ಮಾಡಿ, ಬೇರೆ ಕೆಲಸವಿದೆಯೆಂದು ಹೊರಟುಹೋದರು. ಆಪರೇಟರಮ್ಮ ತಿರುಗಿ ಗಾಜಿನ ಮೇಲೆ ಎರಡೂ ಅಂಗೈಗಳನ್ನು ಊರಿದಳು. ಬೆರಳು ಬಿಡಿಸಿ, ಚೆನ್ನಾಗಿ ಒತ್ತಿ.

ಅಲ್ಲಿಂದ ಶುರುವಾಯಿತು ನೋಡಿ ಯುದ್ಧ. ವಾರದ ರಜೆ ಬಂದರೆ ಸಾಕು, ಅವಳು ಕೈಗೆ ಎಣ್ಣೆ ಸವರಿಕೊಂಡು ಮ್ಯೂಸಿಯಮ್ಮಿಗೆ ಹಾಜರು. ಗಾಜಿನ ಮುಂದೆ ನಿಂತು ಒಳಗಿನವಳ ಕರೆ ಕೇಳುವುದು, "ಲೈನಲ್ಲೇ ಇರು" ಎನ್ನುವುದು, ಅಂಗೈಯೂರಿ ಮೇಲಿಂದ ಕೆಳಗಿನವರೆಗೆ ಗಾಜನ್ನು ಮಬ್ಬು ಮಾಡುವುದು, ಮನೆಗೆ ಬರುವುದು. ಫಲಕ ಕೊಳೆಯಾಗಬಾರದೆಂದು ಗಾಜು ಹಾಕಿದರಲ್ಲ, ಆ ಗಾಜನ್ನೇ ಕೊಳೆಮಾಡುತ್ತೇನೆ ಎಂಬುದು ಅವಳ ಲೆಕ್ಕ. ಕಣ್ಣಿದ್ದವರಿಗೂ ಒಳಗೇನಿದೆಯೆಂದು ಕಾಣದಂತಾಗಲಿ, ಆಗ ಗೊತ್ತಾಗುತ್ತದೆ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಕಾವಲಿನವಳಿಗೂ ಇದು ದೊಡ್ಡ ತಲೆನೋವಾಯಿತು. ಮೊದಮೊದಲು "ರೀ, ಮೇಡಂ" ಎಂದು ಗದರುತ್ತಿದ್ದವಳು ಕ್ರಮೇಣ "ಅಕ್ಕ" ಎನ್ನತೊಡಗಿದಳು.

"ಒರೆಸಿ ಒರೆಸಿ ನನ್ನ ರಟ್ಟೆ ಬಿದ್ದುಹೋಗ್ತಿದೆ ಅಕ್ಕ."

"ಒರೆಸ್ಬೇಡ. ಯಾರಾದ್ರೂ ಕೇಳಿದ್ರೆ ನನ್ನ ಕೈ ತೋರ್ಸು."

"ನಿಮಗೇನು, ಹೇಳಿಬಿಡ್ತೀರಿ. ಫಲಕ ಯಾರೂ ಮುಟ್ದಂಗೆ ನೋಡ್ಕೋ ಅಂತ ನನಗೆ ಹೇಳಿದ್ದಾರೆ. ಅದೊಂದೇ ನನ್ನ ಕೆಲಸ."

"ಫಲಕ ಎಲ್ಲಿ ಮುಟ್ತಿದ್ದೀನೇ? ಮುಟ್ಟೋಕೆ ಬಿಟ್ರೆ ತಾನೆ!"

ಮನೆಯಲ್ಲಿ ಗಂಡ ಇದೆಲ್ಲವನ್ನೂ ಗೋಡೆಯ ಕಡೆ ತಿರುಗಿಕೊಂಡೇ ಕೇಳುತ್ತಿದ್ದ. "ಸುಮ್ನೆ ಯಾಕೆ ಹೋಗ್ತೀಯೇ, ಹೇಗೂ ನಾನು ಬರಲ್ಲ" ಎನ್ನುತ್ತಿದ್ದ. ಅವಳು ಸೊಪ್ಪು ಹಾಕುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಒಳಗೊಳಗೇ ಹೆದರಿಕೆ ಇತ್ತು. ನಾಳೆ ಗಾಜು ತೆಗೆದೇಬಿಟ್ಟರೂ ಇವನು ಏಳದಿದ್ದರೆ? ಮುಟ್ಟಿದ ಮೇಲೂ "ಇದೇನು ಮಹಾ" ಎಂದುಬಿಟ್ಟರೆ? ಆ ಯೋಚನೆ ಬಂದಾಗಲೆಲ್ಲ ಎದ್ದು ಹೋಗಿ ಮುಂದಿನ ಕೋಣೆಯಲ್ಲಿ ಅವನ ಬ್ರಷ್‌ಗಳ ಡಬ್ಬಿ ತೆಗೆಯುತ್ತಿದ್ದಳು. ಬ್ರಷ್‌ನ ಕೂದಲು ಒಣಗಿ ಗಟ್ಟಿಯಾಗಬಾರದೆಂದು ಒಂದೊಂದಕ್ಕೂ ಎಣ್ಣೆ ಸವರಿ, ತುದಿ ಚೂಪು ಮಾಡಿ ಇಡುತ್ತಿದ್ದಳು. ಇದನ್ನು ಅವನಿಗೆ ಹೇಳಿರಲಿಲ್ಲ.

ಒಂದು ಸಂಜೆ ಮ್ಯೂಸಿಯಮ್ಮಿನಿಂದ ಬಂದು ಊಟಕ್ಕೆ ಕೂತಿದ್ದರು. ನಾದಿನಿ ಏನೋ ನೆನಪಿಸಿಕೊಂಡು ಹೇಳಿದಳು:

"ಅತ್ತಿಗೆ, ಹೇಳೋಕೆ ಮರೆತೆ. ಕಾವಲಿನವಳು ಇವತ್ತು ಗಾಜು ಚೆನ್ನಾಗಿ ಉಜ್ಜಿದಾಗ ಮೊದಲ ಸಲ ಬಗ್ಗಿ ನೋಡ್ದೆ. ಒಳಗಡೆ ಫಲಕದ ಪಕ್ಕ ಒಂದು ಹಿತ್ತಾಳೆ ತಗಡಿದೆ. ಅದರ ತುಂಬಾ ಚುಕ್ಕಿ ಚುಕ್ಕಿ, ನೀವು ಓದ್ತೀರಲ್ಲ, ಆ ಥರದ್ದು. ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದಾರೆ, 'ದಯವಿಟ್ಟು ಮುಟ್ಟಿ' ಅಂತ."

ಆಪರೇಟರಮ್ಮನ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. ಬ್ರೈಲ್ ಬೋರ್ಡು ಗಾಜಿನ ಒಳಗೆ! ಅವಳು ನಕ್ಕಳು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು, ನಾದಿನಿಗೂ ನಗು ಅಂಟಿತು. ಆಗ ಮಂಚದ ಕಡೆಯಿಂದ ಕಿರ್ ಎಂದು ಸದ್ದಾಯಿತು.

"ಏನಂದೆ?" ಎಂದ ಪೇಂಟರ್. ದನಿ ಗೋಡೆಯಿಂದ ಬರಲಿಲ್ಲ. ನೇರವಾಗಿ ಬಂತು. "ಬೋರ್ಡು ಎಲ್ಲಿದೆ ಅಂದೆ?"

"ಗಾಜಿನ ಒಳಗಣ್ಣ."

"ಯಾರು ಓದ್ಬೇಕು ಅದನ್ನ?"

"ಅತ್ತಿಗೆ ಥರದವರು."

"ಅವರು ಎಲ್ಲಿ ನಿಂತಿರ್ತಾರೆ?"

"ಹೊರಗೆ."

"ಓದೋರು ಹೊರಗೆ, ಬೋರ್ಡು ಒಳಗೆ!" ಅವನು ಎದ್ದು ಕೂತಿದ್ದ. "ಯಾವ ತಲೆಕೆಟ್ಟೋನು ಹಾಕಿದ್ದು? ಬೋರ್ಡು ಅಂದ್ರೆ ಓದೋರ ಕಡೆಗಿರ್ಬೇಕು. ಅಷ್ಟೂ ಗೊತ್ತಿಲ್ವಾ? ಕಂಬದ ಹಿಂದೆ ಬೋರ್ಡು ನೇತುಹಾಕಿದ ಅಂತ ಒಬ್ಬ ಅಂಗಡಿಯವನ ಜೊತೆ ನಾನು ಮಾತು ಬಿಟ್ಟಿದ್ದೆ, ಗೊತ್ತಾ?"

ಹೆಂಡತಿಯ ಕಣ್ಣೀರು, ಬೈಗುಳ, ಹೊಳೆಯ ಚಿತ್ರ, ಮಾತಾಡುವ ಯಂತ್ರ ಯಾವುದಕ್ಕೂ ಏಳದ ಮನುಷ್ಯ, ತಪ್ಪು ಜಾಗದಲ್ಲಿ ಹಾಕಿದ ಒಂದು ಬೋರ್ಡಿಗೆ ಎದ್ದು ನಿಂತಿದ್ದ. ಕೋಣೆಯಲ್ಲಿ ಓಡಾಡಲು ಹೋಗಿ ಮೇಜಿಗೆ ಮೊಣಕಾಲು ಬಡಿಸಿಕೊಂಡ. ಮೇಜಿಗೂ ಬೈದ.

"ನನ್ನ ಬ್ರಷ್‌ಗಳನ್ನ ಎಲ್ಲಿಟ್ಟಿದ್ದೀಯೇ? ಒಣಗಿ ಕಡ್ಡಿಯಾಗಿರುತ್ವೆ."

ಅವಳು ಎದ್ದು ಡಬ್ಬಿ ತಂದು ಕೊಟ್ಟಳು. ಅವನು ಒಂದು ಬ್ರಷ್ ತೆಗೆದು ತುದಿಯನ್ನು ಬೆರಳಲ್ಲಿ ಹಿಸುಕಿ ನೋಡಿದ. ಮೆತ್ತಗಿತ್ತು. ಇನ್ನೊಂದನ್ನು ನೋಡಿದ. ಅದೂ ಮೆತ್ತಗಿತ್ತು. ಉಳಿದವನ್ನೂ ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ, ದನಿ ತಗ್ಗಿಸಿ, ಮದುವೆಯಾದ ಮೇಲೆ ಎಂದೂ ಕೇಳದ ಒಂದು ಪ್ರಶ್ನೆ ಕೇಳಿದ.

"ಗೆರೆ ಹೇಗೇ ಎಳೀಲಿ? ಕಾಣಲ್ವಲ್ಲ. ನೀನಾದ್ರೆ ಏನ್ಮಾಡ್ತೀಯ?"

"ಟೇಪ್ ಅಂಟಿಸ್ರೀ" ಎಂದಳು ಆಪರೇಟರಮ್ಮ. "ಮೇಲೊಂದು, ಕೆಳಗೊಂದು. ಎಡಗೈ ಕಿರುಬೆರಳು ಟೇಪಿನ ಅಂಚಿನ ಮೇಲೆ ಓಡ್ತಿರ್ಲಿ. ಬಲಗೈ ಅದರ ಹಿಂದೆ ಬರುತ್ತೆ."

ಮುಂದಿನ ರಜೆಯವರೆಗೂ ಅವನು ಕಿಟಕಿಯ ಗಾಜಿನ ಮೇಲೆ ಒಣ ಬ್ರಷ್‌ನಲ್ಲಿ ಅಭ್ಯಾಸ ಮಾಡಿದ. ಟೇಪಿನಾಚೆ ಇಟ್ಟುಕೊಂಡಿದ್ದ ತನ್ನ ಬೆರಳಿಗೆ ಬ್ರಷ್ ತಾಗಿದರೆ ಅವಳು ಬೈಯುತ್ತಿದ್ದಳು, ಅವನು ತಿರುಗಿ ಬೈಯುತ್ತಿದ್ದ. ಆ ಬೈಗುಳ ಮೇಲಿನ ಮಹಡಿಯವರೆಗೂ ಕೇಳಿಸುತ್ತಿತ್ತು. ನಾದಿನಿ ಕೇಳಿಸಿಕೊಂಡು ಖುಷಿಯಿಂದ ಕಣ್ಣೊರೆಸಿಕೊಂಡಳು.

ರಜೆಯ ದಿನ ಮ್ಯೂಸಿಯಮ್ಮಿನಲ್ಲಿ ಜನ ಗಿಜಿಗುಡುತ್ತಿದ್ದರು. ಆಪರೇಟರಮ್ಮ ಮುಂದೆ, ಅವಳ ಹೆಗಲ ಮೇಲೆ ಕೈಯಿಟ್ಟುಕೊಂಡು ಪೇಂಟರ್ ಹಿಂದೆ, ಕೈಚೀಲವನ್ನು ಎದೆಗವಚಿಕೊಂಡು ನಾದಿನಿ ಕೊನೆಗೆ. ಚೀಲದಲ್ಲಿ ಕೆಂಪು ಎನಾಮೆಲ್ ಬಣ್ಣದ ಡಬ್ಬಿ.

"ಇವ್ರು ಯಾರಕ್ಕ?" ಎಂದಳು ಕಾವಲಿನವಳು.

"ನಮ್ಮ ಯಜಮಾನ್ರು. ಬೋರ್ಡ್ ಬರೆಯೋಕೆ ಬಂದಿದ್ದಾರೆ."

"ಯಾವ ಬೋರ್ಡು?"

"ಒಳಗಿರೋದನ್ನ ಹೊರಗೆ ಬರೀತಾರೆ."

ಕಾವಲಿನವಳು ಡಬ್ಬಿ ನೋಡಿದಳು, ಬ್ರಷ್ ನೋಡಿದಳು, ಗಾಜು ನೋಡಿದಳು. ಅವಳ ರಟ್ಟೆಗೂ ಆ ಗಾಜಿನ ಮೇಲೆ ಹಳೆಯ ಹಗೆ ಇತ್ತು.

"ಫಲಕ ಮುಟ್ಟಲ್ಲ ತಾನೆ?"

"ಇಲ್ಲಮ್ಮ. ಗಾಜು ಮಾತ್ರ."

"ಹಾಗಾದ್ರೆ ಅದರ ಬಗ್ಗೆ ನನಗೇನೂ ಹೇಳಿಲ್ಲ" ಎಂದು ಅವಳು ಎದುರುಗೋಡೆಯ ಚಿತ್ರಗಳ ಕಡೆ ತಿರುಗಿ, ಜೀವಮಾನದಲ್ಲಿ ಅವನ್ನು ಮೊದಲ ಸಲ ನೋಡುವವಳಂತೆ ನಿಂತಳು.

ನಾದಿನಿ ಗಾಜಿನ ಮುಂಬದಿಗೆ ಟೇಪು ಅಂಟಿಸಿದಳು. ಪೇಂಟರ್ ಎಡಗೈ ಕಿರುಬೆರಳನ್ನು ಅಂಚಿನ ಮೇಲಿಟ್ಟು, ಬ್ರಷ್ ಅದ್ದಿ, ಉಸಿರು ಹಿಡಿದ.

"'ದಯವಿಟ್ಟು'ಗೆ ಜಾಗ ಸಾಕಾಗುತ್ತಾ ಅಣ್ಣ?"

"ದಯ ಯಾರಿಗೆ ಬೇಕು? ಬರೀ 'ಮುಟ್ಟಿ' ಸಾಕು."

ಅವನು ಬರೆದ. ಬಣ್ಣ ಎಷ್ಟು ಹಿಡಿದಿದೆಯೆಂದು ಕಾಣದ್ದರಿಂದ ಮತ್ತೆ ಮತ್ತೆ ಅದ್ದಿ, ಒಂದರ ಮೇಲೊಂದು ದಪ್ಪಗೆ ಎಳೆದ. ಮೊದಲ ಅಕ್ಷರ ನೆಟ್ಟಗೆ ನಿಂತಿತು. ಎರಡನೆಯದು ಬಲಕ್ಕೆ ವಾಲಿ, ಒತ್ತು ಟೇಪನ್ನು ದಾಟಿ ಕೆಳಗೆ ಇಳಿಯಿತು, ಬಣ್ಣ ತೊಟ್ಟಿಕ್ಕಿತು. ಸುತ್ತ ಜನ ಸೇರಿದ್ದರು.

"ಸೊಟ್ಟ ಆಗಿದ್ಯಾ?" ಎಂದ.

"ಆಗಿದೆ ಅಣ್ಣ" ಎಂದಳು ನಾದಿನಿ. ಅವಳಿಗೆ ಸುಳ್ಳು ಬರುವುದಿಲ್ಲ.

"ಓದೋಕಾಗುತ್ತಾ?"

"ಬಾಗಿಲಿಂದ್ಲೇ ಓದ್ಬಹುದು."

"ಸಾಕು."

ಆಪರೇಟರಮ್ಮನ ಕೈ ತಾನಾಗಿ ಗಾಜಿನ ಕಡೆ ಹೋಯಿತು. "ಮುಟ್ಬೇಡ, ಹಸಿ" ಎಂದ ಅವನು, ಹಳೇ ಅಭ್ಯಾಸ. ಅವಳು ಕೈ ಹಿಂದೆ ತೆಗೆದುಕೊಂಡಳು. ಎಷ್ಟು ಕಾಲವಾಗಿತ್ತು ಆ ಬೈಗುಳ ಕೇಳಿ!

ನಿರ್ದೇಶಕರು ದಾಪುಗಾಲು ಹಾಕುತ್ತಾ ಬಂದರು. ಈ ಸಲ ದನಿಯಲ್ಲಿ ಎಣ್ಣೆ ಇರಲಿಲ್ಲ. ಯಾರು ಬಿಟ್ಟಿದ್ದು, ಹೇಗೆ ಬಿಟ್ಟಿದ್ದು ಎಂದು ಕಾವಲಿನವಳ ಮೇಲೆ ಹರಿಹಾಯ್ದರು.

"ಫಲಕ ಯಾರೂ ಮುಟ್ಟಿಲ್ಲ ಸಾರ್" ಎಂದಳು ಅವಳು. "ನಾನೇ ಕಾಯ್ತಿದ್ದೆ."

"ಈ ಗಾಜು ತೆಗೀರಿ! ತಗೊಂಡೋಗಿ ಕೆರೆದು ತೊಳೀರಿ!"

ಕೆಲಸದವರು ಬಂದು ತಿರುಪು ಬಿಚ್ಚಿ, ಹಸಿ ಬಣ್ಣ ಮೈಗೆ ತಾಗದಂತೆ ಗಾಜಿನ ಪೆಟ್ಟಿಗೆಯನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಳಿಸಿದರು. ಅದೇ ಗಳಿಗೆಗೆ, ಕಂಬಳಿ ಸರಿಸಿ ಎದ್ದವಳಂತೆ, ಆ ಹೆಣ್ಣುದನಿ ಸ್ಪಷ್ಟವಾಗಿ ಇಡೀ ಹಜಾರಕ್ಕೆ ಕೇಳಿಸಿತು: "ಬನ್ನಿ. ನಿಮ್ಮ ಕೈಯನ್ನು ನನ್ನ ಮೇಲೆ ಇಡಿ."

ನಿರ್ದೇಶಕರು ಬಾಯಿ ತೆರೆದರು.

"ನಾವಾಗಿ ಬಂದಿಲ್ಲ ಸ್ವಾಮಿ" ಎಂದಳು ಆಪರೇಟರಮ್ಮ, ಪೀಠದ ಅಂಚಿನ ಮೇಲೆ ಅಂಗೈಯೂರಿ. "ನಿಮ್ಮ ಯಂತ್ರವೇ ಕರೀತಿದೆ. ಬೇಡ ಅನ್ನೋದಾದ್ರೆ ಮೊದಲು ಅದಕ್ಕೆ ಹೇಳಿ. ಇಷ್ಟು ಜನ ಕೇಳಿಸ್ಕೊಳ್ಳೋ ಹಾಗೆ ಹೇಳಿ."

ಅವರು ಜನರನ್ನು ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದರು.

ಇಷ್ಟು ದಿನ ಕಾದ ಕೈ ಅವಳದು. ಆದರೂ ಅವಳು ತನ್ನ ಕೈ ಇಡಲಿಲ್ಲ. ಗಂಡನ ಮಣಿಕಟ್ಟು ಹಿಡಿದು ಫಲಕದ ಮೇಲಿಟ್ಟಳು. ಅವನ ಕೈ ಮರದಂತೆ ಬಿಗಿದುಕೊಂಡಿತ್ತು. ಬೆರಳೊಂದು ತಗ್ಗಿನಲ್ಲಿ ಜಾರಿತು. "ಹೊಳೆ" ಎಂದಿತು ಫಲಕ. ಬೆರಳ ಕೆಳಗೆ ಏನೋ ಸಣ್ಣಗೆ ಕಂಪಿಸಿತು. ಅವನು ಬೆಚ್ಚಿ ಕೈ ಎಳೆದುಕೊಂಡ.

ಅವಳು ಕಾದಳು. ಹಿಡಿದುಕೊಳ್ಳಲಿಲ್ಲ, ನೂಕಲಿಲ್ಲ. ಈಗ ಅವನು ತಾನೇ ಇಡಬೇಕು, ಇಡದಿದ್ದರೆ ತಾನು ಸೋತ ಹಾಗೆಯೇ.

ಅವನು ಮತ್ತೆ ಇಟ್ಟ.

"ನೀರು ಅಲ್ಲಾಡ್ತಿದೆ ಕಣೆ" ಎಂದ ಮೆಲ್ಲಗೆ. "ಅಷ್ಟು ಸಲ ನೋಡಿದ್ದೀನಿ, ಒಂದು ಸಲಾನೂ ಅಲ್ಲಾಡಿರ್ಲಿಲ್ಲ."

ಆಮೇಲೆ ಅವನ ಬೆರಳು ಯಾರ ಮಾತಿಗೂ ಕಾಯಲಿಲ್ಲ. ಹೊಳೆ ದಾಟಿ, ದೋಣಿಯ ಅಂಚು ಹಿಡಿದು, ಒಬ್ಬೊಬ್ಬರ ತಲೆ ಸವರುತ್ತಾ, ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದಂತೆ ನೇರವಾಗಿ ಬಲಮೂಲೆಗೆ ಹೋಯಿತು. "ಕೆಂಪು ಕೊಡೆ" ಎಂದಿತು ಫಲಕ.

"ಗೊತ್ತು, ಗೊತ್ತು" ಎಂದು ಅದಕ್ಕೆ ಗದರಿ, ಅವನು ಹೆಂಡತಿಯ ಕೈ ಎಳೆದು ತಂದು ಕೊಡೆಯ ಮೇಲಿಟ್ಟ. "ಇಲ್ನೋಡು. ಇದೇ. ಕೆಳಗೆ ಮುದುಕಿ ಇದ್ದಾಳೆ, ಅವಳ ಮೂಗು ನೋಡು, ಎಷ್ಟು ಗಡುಸು! ನಿನ್ನ ಹಾಗೇ."

ಅವಳು ನೋಡಿದಳು. ಹೌದು, ಗಡುಸಾಗಿಯೇ ಇತ್ತು. ಇಷ್ಟು ವರ್ಷ ಬಾರದೆ ಇದ್ದ ಅತ್ತೆ ಕೊನೆಗೂ ಮನೆಗೆ ಬಂದಿದ್ದಳು.

ಹಿಂದೆ ಸಾಲು ಬೆಳೆಯಿತು. ತಮಗೂ ಒಂದು ಸಲ ಎಂದು ಕಣ್ಣಿದ್ದವರೂ ನಿಂತರು. ನಿರ್ದೇಶಕರು ಯಾವಾಗ ಹೋದರೋ ಯಾರೂ ಗಮನಿಸಲಿಲ್ಲ. ಗಾಜನ್ನು ಒಯ್ಯಲು ಕೆಲಸದವರಿಗೂ ಅವಸರವಿದ್ದಂತೆ ಕಾಣಲಿಲ್ಲ. ಅದು ಗೋಡೆಗೊರಗಿ ಅಲ್ಲೇ ನಿಂತಿತ್ತು.

"ಮತ್ತೆ ಮುಚ್ಚಿದ್ರೆ?" ಎಂದಳು ನಾದಿನಿ, ಹೊರಡುವಾಗ.

"ಡಬ್ಬೀಲಿ ಬಣ್ಣ ಇನ್ನೂ ಇದೆ" ಎಂದ ಅವಳಣ್ಣ.

ಗೋಡೆಯ ಹತ್ತಿರ ಬಂದಾಗ ಎನಾಮೆಲ್ ವಾಸನೆ ಬಂದು ಆಪರೇಟರಮ್ಮ ನಿಂತಳು. ಅಲ್ಲಿ ಗಾಜಿನ ಮೇಲೆ ಅವನ ಅಕ್ಷರವಿತ್ತು. ಈ ಸಲ ಅದು ತೆಳ್ಳಗಿರಲಿಲ್ಲ, ನುಣ್ಣಗಿರಲಿಲ್ಲ. ಅಂಚು ಇತ್ತು, ಉಬ್ಬಿತ್ತು, ಬೆರಳಿಗೆ ಸಿಗುವಂತಿತ್ತು.

"ಒಣಗಿದ್ಯಾ ರೀ?"

"ಇಲ್ಲ. ಹಸಿ."

ಅವಳು ಕೈ ಕೆಳಗಿಳಿಸಿ ಮುಂದೆ ಹೆಜ್ಜೆಯಿಟ್ಟಳು. ಅವನು ಅವಳ ತೋಳು ಹಿಡಿದು ನಿಲ್ಲಿಸಿದ.

"ಎಲ್ಲಿಗೇ ಹೋಗ್ತೀಯ? ಬೋರ್ಡಲ್ಲಿ ಏನು ಬರೆದಿದೆ ಅಂತ ಓದ್ಬಾರ್ದಾ?" ಎಂದ. "ಮುಟ್ಟು."

ಅವಳು ಮೊದಲಕ್ಷರದ ತಲೆಯಿಂದ ಶುರುಮಾಡಿ, ಸೊಟ್ಟ ಒತ್ತು ಕೆಳಗಿಳಿದು ನಿಂತ ಕಡೆಯವರೆಗೂ, ನಿಧಾನವಾಗಿ ಓದಿದಳು. ಮನೆಗೆ ಹೋದ ಮೇಲೆ ನಾದಿನಿ ಟರ್ಪೆಂಟೈನ್ ಬಟ್ಟೆ ತಂದು ಕೊಟ್ಟರೂ ಬೆರಳ ಕೆಂಪನ್ನು ಅವಳು ಒರೆಸಿಕೊಳ್ಳಲಿಲ್ಲ.